ಕಲ್ಲಳಿಯ ಗಾಡಿಕಲ್ಲು

ಟೂರ್ ಬಸ್ಸಿನ ಮ್ಯಾನೇಜರ್ ಕೆಲಸಕ್ಕೆ ಸೇರಬೇಕೆಂದು ಈಚೆಗೆ ನನ್ನನ್ನು ಹುಡುಕಿಕೊಂಡು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, "ಸಾರ್, ಊರುಗಳ ಇತಿಹಾಸವನ್ನೆಲ್ಲ ಯಾವ ಪುಸ್ತಕದಲ್ಲಿ ಓದಿದ್ರಿ?" ಎಂದು. ಘಾಟಿ ಇಳಿಯುವಾಗ ಯಾರಿಗೆ ವಾಂತಿ ಬರುತ್ತದೆ ಎಂದು ಮೊದಲು ಮುಖ ನೋಡಿ ಕಂಡುಹಿಡಿಯಿರಿ, ಅವರನ್ನು ಮುಂದಿನ ಸೀಟಿಗೆ ಕರೆದು ಕೈಗೊಂದು ನಿಂಬೆಹಣ್ಣು ಕೊಡಿ, ಇತಿಹಾಸವನ್ನು ಆಮೇಲೆ ನೋಡೋಣ ಎನ್ನುತ್ತೇನೆ. ಅವರಿಗೆ ಅದು ತಮಾಷೆಯಾಗಿ ಕಾಣುತ್ತದೆ. ಒಂದು ಸಲ ಘಾಟಿ ಇಳಿದು ಬಂದ ಮೇಲೆ ಯಾರೂ ನಗುವುದಿಲ್ಲ.

ಗುಂಡ್ಲುಪೇಟೆಯ ಗುರುಸಿದ್ದಪ್ಪನವರ ಬಸ್ಸಿನಲ್ಲಿ ನಾನು ಮೂವತ್ತೊಂದು ವರ್ಷ ಈ ಕೆಲಸ ಮಾಡಿದೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕಿನ ಹಳ್ಳಿಗಳಿಂದ ಜನರನ್ನು ಹತ್ತಿಸಿಕೊಂಡು ದಕ್ಷಿಣದ ದೇವಸ್ಥಾನ, ಅಣೆಕಟ್ಟು, ಅರಮನೆ ಎಲ್ಲವನ್ನೂ ಸುತ್ತಿಸಿದ್ದೇನೆ. ಅವನ್ನೆಲ್ಲ ಬರೆಯಲು ಕೂತರೆ ಮುಗಿಯುವುದಿಲ್ಲ. ಇಲ್ಲಿ ಕಲ್ಲಳಿ ಎಂಬ ಒಂದೇ ಊರಿನ ಮಾತು ಹೇಳುತ್ತೇನೆ. ಈ ಕೆಲಸ ಏನೆಂದು ನನಗೆ ಅರ್ಥವಾದದ್ದು ಅಲ್ಲಿ. ಅದೂ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ.

ಕಲ್ಲಳಿ ಇರುವುದು ಘಾಟಿಯ ಆಚೆ, ಕೇರಳದ ಕಡಲ ದಡದಲ್ಲಿ. ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗವನ್ನು ನಾವು ಅಳಿವೆ ಎನ್ನುತ್ತೇವೆ, ಅವರು ಅಳಿ ಎನ್ನುತ್ತಾರೆ. ಆ ಬಾಯಿಯ ಒಂದು ದವಡೆಯ ಮೇಲೆ ಊರು ಕೂತಿದೆ. ಕಡಲ ಕಡೆಗೆ ಒಂದು ಲೈಟ್‌ಹೌಸು. ಅದರ ಕೆಳಗೆ ಹಿಂದಿನ ಕಾಲದಲ್ಲಿ ಹಡಗು ನಿಲ್ಲುತ್ತಿದ್ದ ಧಕ್ಕೆಯ ತುಕ್ಕು ಹಿಡಿದ ಕಬ್ಬಿಣದ ಕಂಬಗಳು. ಒಂದೊಂದು ಕಂಬದ ಮೇಲೂ ಒಂದೊಂದು ಕೊಕ್ಕರೆ. ಹೊಳೆಯ ಕಡೆಗೆ ಹೆಂಚಿನ ಮಾಡಿನ ಹಳೆಯ ಮಂಡಿಗಳ ಸಾಲು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹೊಗೆಗೂಡು, ದೇವಸ್ಥಾನದಂತೆಯೇ ಕಾಣುವ ಮರದ ಮಸೀದಿ, ಪಶ್ಚಿಮಕ್ಕೆ ಮುಖ ಮಾಡಿ ಕಡಲನ್ನೇ ನೋಡುತ್ತ ಕೂತ ಶಿವನ ಗುಡಿ. ಈ ಕಡೆಯಿಂದ ಆ ಕಡೆಗೆ ದಾಟಿಸಲು ಒಂದು ದೋಣಿ. ಇಷ್ಟೇ ಊರು. ನಮ್ಮ ಬಯಲುಸೀಮೆಯ ಕಣ್ಣಿಗೆ ಅದೇ ದೊಡ್ಡ ಜಾತ್ರೆ.

ಮೊದಲೆರಡು ವರ್ಷ ನಾನು ಆ ಹೊಗೆಗೂಡನ್ನು ತೋರಿಸಿ, "ಇದು ಹಿಂದಿನ ರಾಜರು ಕಟ್ಟಿಸಿದ ಮೊದಲನೆಯ ದೀಪಸ್ತಂಭ, ಆಚೆಗೆ ಕಾಣುತ್ತಿರುವುದು ಎರಡನೆಯದು" ಎಂದು ಮೈಕಿನಲ್ಲಿ ಹೇಳುತ್ತಿದ್ದೆ. ಯಾರಿಂದಲೂ ಕೇಳಿದ್ದಲ್ಲ, ಬಾಯಿಗೆ ಬಂದದ್ದು. ಒಂದು ಸಲ ಅಲ್ಲಿಯ ಟೀ ಅಂಗಡಿಯಲ್ಲಿ ಕೂತಿದ್ದ ಮುದುಕರೊಬ್ಬರು ಬಿದ್ದು ಬಿದ್ದು ನಕ್ಕರು. ಅವರು ಆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಒಲೆಗೆ ಸೌದೆ ಹಾಕಿದವರಂತೆ. ಬಸ್ಸಿನವರೆಲ್ಲ ನನ್ನ ಮುಖ ನೋಡಿದರು. ವಿಷಯ ಗುರುಸಿದ್ದಪ್ಪನವರ ಕಿವಿಗೆ ಬಿತ್ತು. ನನ್ನನ್ನು ಮುಂದೆ ನಿಲ್ಲಿಸಿಕೊಂಡು ಕೇಳಿದರು: "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಕೆ ನಿಂಗೇನ್ ರೋಗನಪ್ಪ? ಬಾಯಿ ಸವ್ದೋದದ?"

ಅಡುಗೆ ನಂಜುಂಡನ ಪಾಡೂ ಕೇಳುವಂತಿಲ್ಲ. ನಮ್ಮವರಿಗೆ ಎಲ್ಲಿಗೆ ಹೋದರೂ ಮಧ್ಯಾಹ್ನ ಮುದ್ದೆ ಆಗಬೇಕು. ಮೊದಲ ಸಲ ಅವನು ಅಲ್ಲಿಯ ಬಾವಿಯ ನೀರಿನಲ್ಲೇ ಎಸರಿಟ್ಟು, ಕೈ ಅಳತೆಯಲ್ಲಿ ಉಪ್ಪನ್ನೂ ಹಾಕಿ ಮುದ್ದೆ ತಿರುವಿದ. ಕಡಲ ಪಕ್ಕದ ಬಾವಿಯಲ್ಲಿ ಉಪ್ಪು ಮೊದಲೇ ಇರುತ್ತದೆಂದು ಅವನಿಗೇನು ಗೊತ್ತು! ಶಿವಪೂಜೆ ಮುಗಿಸಿ ಹಸಿದು ಕೂತಿದ್ದ ಮೂವತ್ತೈದು ಜನ ಮೊದಲ ತುತ್ತು ನುಂಗಿದವರೇ ಮುಖ ಕಿವುಚಿ ಕೈ ನಿಲ್ಲಿಸಿಬಿಟ್ಟರು. ಅಂದಿನಿಂದ ಗುಂಡ್ಲುಪೇಟೆಯ ನೀರು ಎರಡು ಡ್ರಮ್ಮು ಬಸ್ಸಿನ ಹಿಂದೆ ಕೂತು ಟಿಕೆಟ್ಟಿಲ್ಲದೆ ಕಡಲು ನೋಡಲು ಬರುತ್ತಿತ್ತು.

ಇಂಥ ಏಟು ತಿಂದು ತಿಂದು ನಾನು ಒಂದು ನೋಟ್‌ಬುಕ್ಕು ಮಾಡಿಕೊಂಡೆ. ಗಂಟೆಯ ಪ್ರಕಾರ ಎಲ್ಲವನ್ನೂ ಬರೆದಿಟ್ಟೆ. ಬೆಳಗ್ಗೆ ಆರಕ್ಕೆ ಕಾಡಿನ ಗೇಟು ತೆರೆಯುತ್ತಲೇ ಹೊರಟರೆ ಹನ್ನೊಂದಕ್ಕೆ ಕಲ್ಲಳಿ. ಹನ್ನೊಂದೂವರೆಗೆ ಸಮುದ್ರ ಸ್ನಾನ. ಆಮೇಲೆ ಪೂಜೆ, ಒಂದಕ್ಕೆ ಊಟ, ಎರಡರವರೆಗೆ ಊರು ನೋಡುವುದು, ಒಂದು ಸಲ ದೋಣಿ. ಮೂರಕ್ಕೆ ಸರಿಯಾಗಿ ಬಸ್ಸು ಹೊರಡಬೇಕು. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿಬಿಡುತ್ತಾರೆ, ಆಮೇಲೆ ಆನೆ ಮಾತ್ರ ಓಡಾಡಬಹುದು. ಆ ನೋಟ್‌ಬುಕ್ಕಿನ ಮೇಲೆ ನನಗೆ ಬಹಳ ಹೆಮ್ಮೆ ಇತ್ತು.

ಇನ್ನೊಂದು ವಿಷಯ. ನಮ್ಮ ಜನಕ್ಕೆ ಅಮಾವಾಸ್ಯೆ ಎಂದರೆ ಮಾದಪ್ಪನ ಬೆಟ್ಟ. ಅವತ್ತು ಬೇರೆಲ್ಲಿಗೆ ಕರೆದರೂ ಬರುವುದಿಲ್ಲ. ಸಮುದ್ರ ಸ್ನಾನಕ್ಕೆ ಉಳಿದ ಒಳ್ಳೆಯ ದಿನ ಹುಣ್ಣಿಮೆ. ಹಾಗಾಗಿ ಕಲ್ಲಳಿಯ ಪ್ರವಾಸ ಯಾವಾಗಲೂ ಹುಣ್ಣಿಮೆಗೇ. ಹತ್ತು ವರ್ಷದಲ್ಲಿ ನಲವತ್ತು ಸಲವಾದರೂ ಹೋಗಿದ್ದೇನೆ. ನಲವತ್ತು ಸಲವೂ ಹುಣ್ಣಿಮೆ, ನಲವತ್ತು ಸಲವೂ ಹನ್ನೊಂದರಿಂದ ಮೂರು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ಬುದ್ಧಿವಂತಿಕೆಯೆಲ್ಲ ಮುಳುಗಿದ್ದು ಇಲ್ಲೇ.

ಒಂದು ಹುಣ್ಣಿಮೆಗೆ ಚಂದಕವಾಡಿಯ ಕಡೆಯವರು ಇಡೀ ಬಸ್ಸನ್ನು ಮಾತಾಡಿಕೊಂಡಿದ್ದರು. ಅದರಲ್ಲಿ ಪುಟ್ಟಬಸಪ್ಪ ಎಂಬ ಹಿರಿಯರು. ವಯಸ್ಸು ಎಂಬತ್ತೈದು ದಾಟಿತ್ತು. ಬೆಳ್ಳಗಿನ ಪಂಚೆ, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಬಸ್ಸು ಹತ್ತುವಾಗ ನನ್ನ ಭುಜ ಹಿಡಿದುಕೊಂಡು, "ಮ್ಯಾನೇಜರಪ್ಪ, ಕಲ್ಲಳಿಲಿ ಹೊಳೆ ಪಕ್ಕದ ಮಂಡಿ ಅವಲ್ಲ, ಅದರ ಇಂದುಗಡೆ ಬಸ್ಸು ನಿಲ್ಲುಸ್ಬೇಕು ಕಣಪ್ಪ" ಎಂದರು.

ಕಲ್ಲಳಿಯ ಮಂಡಿಯ ಹಿಂದುಗಡೆ ನಿಲ್ಲಿಸಿ ಎಂದು ನಮ್ಮ ಕಡೆಯವರು ಯಾರೂ ಕೇಳಿದ್ದಿಲ್ಲ. "ಮೊದಲು ಹೋಗಿದ್ರಾ ಅಜ್ಜ?" ಎಂದೆ.

ಹಿಂದಿನ ಸೀಟಿನಿಂದ ಒಂದು ನಗು ಬಂತು. "ಓಗಿಲ್ದೆ! ನಮ್ ಬೀಗ್ರು ಓಗಿದ್ದ ಕತೆ ಕೇಳಿ ಕೇಳಿ ನಮ್ಮೂರ ಕರಗೂ ಬಾಯಿಪಾಠ ಆಗದೆ."

ಆ ನಗು ಮಲ್ಲಣ್ಣನವರದು. ಅವರ ಮಗಳು ಗೌರಮ್ಮನನ್ನು ಪುಟ್ಟಬಸಪ್ಪನವರ ಮಗನಿಗೆ ಕೊಟ್ಟಿದ್ದರು. ಒಂದೇ ಊರು, ಎದುರು ಬದುರು ಮನೆ. ಬೀಗರು ಎಂದ ಮೇಲೆ ಹಾಸ್ಯ ಮಾಡಲು ಹಕ್ಕಿದೆ. ಮಲ್ಲಣ್ಣ ಆ ಹಕ್ಕನ್ನು ಮೂವತ್ತು ವರ್ಷ ಒಂದು ದಿನವೂ ಬಿಡದೆ ಚಲಾಯಿಸಿದ್ದರು. ಮಧ್ಯೆ ಕೂತ ಗೌರಮ್ಮ, "ಅಪ್ಪಯ್ಯ, ಸುಮ್ಕಿರು. ಬಸ್ಸು ಹತ್ತಿ ಇನ್ನೂ ಗಳಿಗೆ ಆಗಿಲ್ಲ" ಎಂದರು.

ಘಾಟಿ ಇಳಿಯುವಷ್ಟರಲ್ಲಿ ಆ ಕಥೆ ನನಗೂ ಬಾಯಿಪಾಠವಾಯಿತು. ಪುಟ್ಟಬಸಪ್ಪನವರಿಗೆ ಹನ್ನೆರಡು ವರ್ಷವಿದ್ದಾಗ ಅವರ ತಂದೆ ಅರಿಶಿನದ ಗಾಡಿ ಹೂಡಿಕೊಂಡು ಘಾಟಿ ಇಳಿದು ಕಲ್ಲಳಿಗೆ ಹೋಗುತ್ತಿದ್ದರಂತೆ. ಒಂದು ಸಲ ಇವರನ್ನೂ ಕರೆದುಕೊಂಡು ಹೋದರು. ಮಂಡಿಯ ಹಿಂದೆ ಹೊಳೆಗೆ ಇಳಿಯುವ ಕಲ್ಲಿನ ಇಳಿಜಾರು. ಗಾಡಿಯನ್ನು ಅದರ ಮೇಲೆ ಹಿಂದಕ್ಕೆ ಬಿಟ್ಟು ದೋಣಿಗೆ ಅರಿಶಿನ ತುಂಬುವುದು. ತುಂಬಿದ ಮೇಲೆ ಎತ್ತು ಬಿಚ್ಚಿ ಬರೀ ಗಾಡಿಯನ್ನು ಅಲ್ಲೇ ನಿಲ್ಲಿಸುವುದು. ಅಷ್ಟು ದೂರ ಒಣ ಹಾದಿಯಲ್ಲಿ ಉರುಳಿ ಚಕ್ರದ ಮರ ಒಣಗಿ, ಕಬ್ಬಿಣದ ಪಟ್ಟಿ ಸಡಿಲವಾಗಿರುತ್ತಿತ್ತು. ನೀರು ಬಂದು ಚಕ್ರವನ್ನು ನೆನೆಸಿದರೆ ಮರ ಉಬ್ಬಿ ಪಟ್ಟಿ ಬಿಗಿಯುತ್ತಿತ್ತು.

ಇಲ್ಲಿಯವರೆಗೆ ಊರಿನವರು ಒಪ್ಪುತ್ತಿದ್ದರು. ಒಣಗಿದ ಚಕ್ರವನ್ನು ಕೆರೆಯಲ್ಲಿ ನೆನೆಹಾಕುವುದು ಅವರಿಗೂ ಗೊತ್ತು. ಒಪ್ಪದೆ ಇದ್ದದ್ದು ಮುಂದಿನ ಮಾತನ್ನು.

"ನೀರು ತಾನಾಗೇ ಬರದು ಕಣಪ್ಪ. ನಾವ್ ಗಾಡಿ ನಿಲ್ಸಿ ಉಣ್ಣಕೆ ಕೂತ್ಕಂಡ್ರೆ ಮೆತ್ತುಗೆ ಬಂದು ಅಚ್ಚಿನ ಗಂಟ ನಿಂತ್ಕಳದು. ಆಮ್ಯಾಲೆ ತಾನಾಗೇ ಮನೆಗೆ ಓಗ್ಬುಡದು. ಕಲ್ಲೆಲ್ಲ ಬರಿದು."

"ನೀರು ಮನೆಗೆ ಓಯ್ತದಂತೆ!" ಎಂದರು ಮಲ್ಲಣ್ಣ. "ಅದಕ್ಕೂ ಎಂಡ್ರು ಮಕ್ಳು ಕಾಯ್ತಿರ್ತಾರಾ ಬೀಗ್ರೆ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಪುಟ್ಟಬಸಪ್ಪನವರು ನಗಲಿಲ್ಲ. ನನ್ನ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು: "ಎಪ್ಪತ್ತು ವರ್ಷದಿಂದ ಏಳ್ತಿವ್ನಿ. ಈ ಸಲ ಇವರ ಕಣ್ಣಿಗೇ ತೋರುಸ್ಬುಡನ ಅಂತ ಬಂದಿವ್ನಿ. ಕಲ್ಲು ಇಲ್ದೆ ಓದ್ರೆ ಇನ್ ಮ್ಯಾಲೆ ಜಗುಲಿ ಮ್ಯಾಲೆ ಈ ಮಾತೇ ಎತ್ತಕಿಲ್ಲ."

ಕಲ್ಲಳಿ ಮುಟ್ಟಿ, ಸ್ನಾನ ಪೂಜೆ ಮುಗಿಸಿ, ಊಟಕ್ಕೆ ಮುಂಚೆ ಎಲ್ಲರನ್ನೂ ಮಂಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಹಳೆಯ ಕಲ್ಲಿನ ಮೆಟ್ಟಿಲು ಮೂರು ಇದ್ದವು. ಅದರ ಕೆಳಗೆ ನೀರು. ತುಂಬಿದ ಕೆರೆಯ ಹಾಗೆ ಗೋಡೆಗೆ ತಳುಕು ತಳುಕು ಎನ್ನುತ್ತ ಬಡಿಯುತ್ತಿತ್ತು.

ಪುಟ್ಟಬಸಪ್ಪನವರು ಮೂರನೆಯ ಮೆಟ್ಟಿಲಿನ ಮೇಲೆ ನಿಂತು ಬಗ್ಗಿ ನೋಡಿದರು. "ಇಲ್ಲೇ ಕಣಪ್ಪ. ಮೆಟ್ಲು ಪಕ್ಕದಲ್ಲೇ ಇಳಿಜಾರು."

"ಇಲ್ಲಿ ಗಾಡಿ ಓಡುಸ್ತಿದ್ರಾ ಬೀಗ್ರೆ?" ಮಲ್ಲಣ್ಣ ಗಡ್ಡ ಕೆರೆದುಕೊಂಡರು. "ಎತ್ತಿಗೆ ಈಜು ಕಲ್ಸಿದ್ದೋರು ಯಾರು?"

"ಸಂಜೆ ಗಂಟ ಕಾದ್ರೆ ನೀರು ಓಯ್ತದೆ" ಎಂದರು ಅವರು. ಆದರೆ ದನಿ ಬಸ್ಸಿನಲ್ಲಿ ಇದ್ದಷ್ಟು ಗಟ್ಟಿಯಾಗಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮ್ಯಾನೇಜರ್ ಏನು ಹೇಳುತ್ತಾನೋ ಅದೇ ತೀರ್ಪು.

ನಾನು ನೋಟ್‌ಬುಕ್ಕು ತೆರೆದೆ. ಕಲ್ಲಳಿಯ ಪುಟದಲ್ಲಿ ಒಂಬತ್ತು ಜಾಗಗಳ ಪಟ್ಟಿ ಇತ್ತು. ಅದರಲ್ಲಿ ಕಲ್ಲಿನ ಇಳಿಜಾರು ಇರಲಿಲ್ಲ. "ಅಜ್ಜ, ನಾನು ನಲವತ್ತು ಸಲ ಬಂದಿದ್ದೀನಿ. ಇಲ್ಲಿ ನೀರು ಯಾವಾಗಲೂ ಇಷ್ಟೇ ಇರುತ್ತೆ. ಇದು ಸಮುದ್ರದ ನೀರು, ಬತ್ತಿಹೋಗೋಕೆ ಕೆರೆ ಅಲ್ಲ" ಎಂದೆ.

ಉಬ್ಬರ, ಇಳಿತ ಎಂದು ನಾನೂ ಶಾಲೆಯಲ್ಲಿ ಓದಿದ್ದೆ. ಅದು ಪರೀಕ್ಷೆಗೆ ಬರುವ ಮಾತು ಎಂದುಕೊಂಡಿದ್ದೆ. ಕಣ್ಣಿಗೆ ಕಾಣುವಂಥದ್ದು ಎಂದು ತಿಳಿದಿರಲಿಲ್ಲ. ಹೊಗೆಗೂಡನ್ನು ದೀಪಸ್ತಂಭ ಮಾಡಿದವನು ನಾನೇ ಆದರೂ, ಆ ದಿನದ ತಪ್ಪಿನ ಮುಂದೆ ಅದು ಏನೂ ಅಲ್ಲ. ಅದರಿಂದ ಯಾರ ಮನಸ್ಸೂ ಮುರಿದಿರಲಿಲ್ಲ.

ಪುಟ್ಟಬಸಪ್ಪನವರು ಕೋಲು ಊರಿಕೊಂಡು ತಿರುಗಿದರು. "ಅಂಗಾದ್ರೆ ಬುಡಪ್ಪ. ಚಿಕ್ಕುಡುಗ ಆಗಿದ್ದೆ. ಎಲ್ಲಿ ಏನ್ ನೋಡಿದ್ನೋ" ಎಂದು ಮೆಟ್ಟಿಲು ಹತ್ತಿ ಬಂದರು. ಊಟಕ್ಕೆ ಕೂತವರು ಮುದ್ದೆ ಅರ್ಧ ಮುರಿದು ಹಾಗೇ ಬಿಟ್ಟರು. ಗೌರಮ್ಮ ಅದರ ಮೇಲೆ ತಟ್ಟೆ ಮುಚ್ಚಿ ತೆಗೆದಿಟ್ಟರು. ವಿಚಿತ್ರವೆಂದರೆ ಮಲ್ಲಣ್ಣನವರೂ ಸರಿಯಾಗಿ ಉಣ್ಣಲಿಲ್ಲ. ಗೆದ್ದರೂ ಅವರಿಗೆ ರುಚಿ ಹತ್ತಿದಂತೆ ಕಾಣಲಿಲ್ಲ.

ಊಟದ ನಂತರ ದೋಣಿ. ದೋಣಿಯ ಕೋಯಾ ನನಗೆ ಹಳೆಯ ಪರಿಚಯ. ಹುಡುಗನಾಗಿದ್ದಾಗ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಕೇರಳದ ಲಾರಿಗಳಿಗೆ ಮೂಟೆ ಹೊತ್ತವನು. ನಮ್ಮ ಕನ್ನಡವನ್ನು ನಮಗಿಂತ ಚೆನ್ನಾಗಿ ಬೈಯಲು ಬಳಸುತ್ತಿದ್ದ. ಮನಸ್ಸು ತಡೆಯದೆ ಅವನನ್ನು ಕೇಳಿದೆ: "ಕೋಯಾ, ಮಂಡಿ ಹಿಂದೆ ಗಾಡಿ ಇಳಿಸೋ ಕಲ್ಲು ಅಂತ ಏನಾದ್ರೂ ಇತ್ತಾ?"

ಅವನು ದೋಣಿ ನೂಕುವ ಬಿದಿರು ಜಲ್ಲೆಯನ್ನು ನೀರಿನಲ್ಲೇ ನಿಲ್ಲಿಸಿದ. "ವಂಡಿಕ್ಕಲ್ಲಾ? ಇತ್ತಾ ಅಂತೇನು ಕೇಳ್ತೀರಿ, ಇನ್ನೂ ಅದೆ. ಈಗ ನಾವು ಅದರ ಮೇಲೇ ಇದ್ದೀವಿ." ಜಲ್ಲೆಯನ್ನು ಕೆಳಕ್ಕೆ ಕುಟ್ಟಿದ. ಟಣ್ ಎಂದಿತು. ಕೆಸರಿಗೆ ಅಂಥ ಸದ್ದು ಬರುವುದಿಲ್ಲ.

"ಮತ್ತೆ ನನಗೆ ಇಷ್ಟು ವರ್ಷ ಕಾಣಲೇ ಇಲ್ಲವಲ್ಲ!"

"ಹೆಂಗೆ ಕಾಣ್ತದೆ ಸಾರ್? ನೀವು ಹುಣ್ಣಿಮೆ ಬಿಟ್ಟು ಬರಲ್ಲ. ಹುಣ್ಣಿಮೆ ಮಧ್ಯಾಹ್ನ ಇಲ್ಲಿ ನೀರು ಗಂಟಲ ತನಕ ತುಂಬಿರ್ತದೆ. ನೀವು ಮೂರಕ್ಕೆ ಬಸ್ಸು ಹತ್ತಿ ಓಡ್ತೀರಿ. ನೀರು ಇಳಿಯೋದು ಆಮೇಲೆ. ಐದು ಗಂಟೆಗೆ ಬನ್ನಿ, ನಡ್ಕೊಂಡು ಹೋಗಿ ಮುಟ್ಟಬಹುದು. ನಮ್ಮೂರವರು ತಮಾಷೆ ಮಾಡ್ತೀವಿ, ಆ ಕನ್ನಡದ ಬಸ್ಸಿನವರು ಹೊಳೆ ತುಂಬಿರೋದು ನೋಡೋಕೆ ಕಾಸು ಕೊಟ್ಟು ಬರ್ತಾರೆ ಅಂತ."

ನನ್ನ ಮುಖಕ್ಕೆ ಕಡಲ ನೀರೇ ಎರಚಿದಂತಾಯಿತು. ನಾಚಿಕೆ ಒಂದು ಕಡೆ, ಸಂತೋಷ ಒಂದು ಕಡೆ. ಎರಡನ್ನೂ ಹೊತ್ತುಕೊಂಡು ದಡಕ್ಕೆ ಓಡಿದೆ. ಆಗ ಎರಡೂವರೆ.

ಡ್ರೈವರ್ ಮಹದೇವ ಕೇಳಿದವನೇ ತಲೆ ಮೇಲೆ ಕೈ ಹೊತ್ತ. "ಐದರ ಗಂಟ ಕಾಯದಾ? ಗೇಟು ನಿಮ್ಮಾವನ ಮನೇದಾ ಸಾ, ಹೊತ್ತಾಯ್ತು ತೆಗೀರಿ ಅನ್ನಕೆ? ನಾಳೆ ಒಂಬತ್ತಕ್ಕೆ ಇದೇ ಬಸ್ಸು ಮದುವೆ ದಿಬ್ಬಣಕ್ಕೆ ಓಗ್ಬೇಕು."

ಗುರುಸಿದ್ದಪ್ಪನವರಿಗೆ ಫೋನು ಮಾಡಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಒಂದು ಕಲ್ಲು ನೋಡಲು ಮೂವತ್ತೈದು ಜನರನ್ನು ರಾತ್ರಿ ನಿಲ್ಲಿಸುತ್ತೀಯಾ ಎಂದು ಅವರು ಕೂಗಿದ್ದು ಪಕ್ಕದ ಮಹದೇವನಿಗೂ ಕೇಳಿಸಿತು. ಕೊನೆಗೆ, "ಪ್ಯಾಸೆಂಜರ್‌ ಒಬ್ಬರು ಬ್ಯಾಡ ಅಂದ್ರೂ ಹೊರಟು ಬಾ. ಎಲ್ಲರೂ ಒಪ್ಪುದ್ರೆ ನಿನ್ ಜವಾಬ್ದಾರಿ. ದಿಬ್ಬಣ ತಪ್ಪುದ್ರೆ ನೀನು ನನ್ ಮುಂದೆ ಬರ್ಬೇಡ" ಎಂದು ಇಟ್ಟರು.

ಎಲ್ಲರನ್ನೂ ಗುಡಿಯ ಮುಂದೆ ಕೂರಿಸಿ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. "ಅಜ್ಜ ಹೇಳಿದ್ದು ಸರಿ ಇರಬಹುದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ಇಲ್ಲ ಅಂದುಬಿಟ್ಟೆ." ಆಮೇಲೆ ಗೇಟಿನ ಮಾತು, ರಾತ್ರಿ ಗೇಟಿನ ಈಚೆಯ ಬತ್ತೇರಿ ಪೇಟೆಯಲ್ಲಿ ಉಳಿಯಬೇಕಾಗುವ ಮಾತು ಎಲ್ಲವನ್ನೂ ಹೇಳಿದೆ. ಬೆಳಗ್ಗೆ ಹಾಲು ಕರೆಯುವವರು ಯಾರು ಎಂದು ಒಬ್ಬರು ಗೊಣಗಿದರು.

"ಬ್ಯಾಡಿ ಬುಡ್ರಪ್ಪ, ಓಗನ" ಎಂದು ಪುಟ್ಟಬಸಪ್ಪನವರೇ ಏಳಲು ಹೊರಟರು. "ನನ್ ದೆಸೆಯಿಂದ ಎಲ್ಲಾರ್ಗೂ ತೊಂದ್ರೆ."

ಗೌರಮ್ಮ ಎದ್ದು ನಿಂತರು. ಮಾವನ ಎದುರಿಗೆ ಸೆರಗು ಸರಿಮಾಡಿಕೊಂಡು, ಆದರೆ ದನಿ ಮಾತ್ರ ಎಲ್ಲರಿಗೂ ಕೇಳುವಂತೆ ಹೇಳಿದರು: "ನಾನ್ ಮದುವೆಯಾಗಿ ಬಂದಾಗಿಂದ ಕಾಪಿ ಲೋಟ ಕೊಟ್ಟಾಗೆಲ್ಲ ಈ ಕತೆ ಕೇಳಿವ್ನಿ. ನೀವೂ ಎಲ್ಲಾರೂ ಕೇಳಿ ನಕ್ಕಿವ್ರಿ. ಮೂವತ್ತು ವರ್ಷ ನಗಕೆ ಬಿಡುವಿತ್ತು, ಇನ್ನೆರಡು ಗಂಟೆ ನೋಡಕೆ ಬಿಡುವಿಲ್ವಾ? ನಮ್ ಹಸ ಒಂದ್ ದಿನ ಪಕ್ಕದ ಮನೆಯವರ ಕೈಲಿ ಹಾಲು ಕೊಟ್ರೆ ಸತ್ತೋಗಕಿಲ್ಲ."

ಆಮೇಲೆ ತಂದೆಯ ಕಡೆ ತಿರುಗಿದರು. "ಏನಂತೀಯ ಅಪ್ಪಯ್ಯ?"

ಮಲ್ಲಣ್ಣ ಟವಲಿನಿಂದ ಮುಖ ಒರೆಸಿಕೊಂಡರು. "ನಾನೇನಂದೆ ಈಗ? ಕೂತ್ಕಳನ. ಬೀಗ್ರ ನೀರು ಎಷ್ಟೊತ್ಗೆ ಮನೆಗೊಯ್ತದೋ ನಾನೂ ನೋಡ್ಬುಡ್ತೀನಿ."

ಅಲ್ಲಿಗೆ ತೀರ್ಮಾನವಾಯಿತು. ಒಬ್ಬರೂ ಬೇಡ ಎನ್ನಲಿಲ್ಲ.

ನನ್ನ ಮೂವತ್ತೊಂದು ವರ್ಷದಲ್ಲಿ ಅಂಥ ಸಂಜೆ ಇನ್ನೊಂದಿಲ್ಲ. ಎಲ್ಲರೂ ಮಂಡಿಯ ಹಿಂದಿನ ಗೋಡೆಯ ಮೇಲೆ ಸಾಲಾಗಿ, ನಾಟಕ ನೋಡಲು ಕೂತ ಹಾಗೆ ಕಾಲು ಇಳಿಬಿಟ್ಟು ಕೂತರು. ಮೂರೂಕಾಲು ಗಂಟೆಗೆ ನೀರು ಅಲ್ಲೇ ಇತ್ತು. ಮಹದೇವ ಗಡಿಯಾರ ನೋಡಿದ. ಮೂರೂವರೆಯ ಹೊತ್ತಿಗೆ ಮೂರನೆಯ ಮೆಟ್ಟಿಲಿನ ಕೆಳಗೆ ಒಂದು ಒದ್ದೆ ಗೀಟು ಕಾಣಿಸಿತು. "ಇಳೀತು, ಇಳೀತು" ಎಂದು ಒಬ್ಬಾಕೆ ಕೂಗಿದರು. "ಅಲೆ ಕಣಮ್ಮಿ ಅದು" ಎಂದು ಇನ್ನೊಬ್ಬರು. ಆಮೇಲೆ ನಾಲ್ಕನೆಯ ಮೆಟ್ಟಿಲಿನ ಅಂಚು ಬಂತು. ಅಲೆಯಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಯಾರಿಗೂ ಕೂರಲು ಆಗಲಿಲ್ಲ. ಐದನೆಯ ಮೆಟ್ಟಿಲು ಪಾಚಿ ಹೊದ್ದು ಬಂದಾಗ ಹೆಂಗಸರು ಸೋಬಾನೆ ಎತ್ತಿದರು. ಹೆರಿಗೆ ಮನೆಯ ಮುಂದೆ ಕೂತವರ ಹಾಗೆ ಕಾಣುತ್ತಿದ್ದರು. ನಂಜುಂಡ ಎರಡು ಸಲ ಕಾಫಿ ಕಾಸಿದ. ಊರಿನವರು ಏನಾಯಿತೆಂದು ಓಡಿ ಬಂದು, ಇವರು ನೀರು ಇಳಿಯುವುದನ್ನು ನೋಡುತ್ತಿದ್ದಾರೆಂದು ತಿಳಿದು, ನಮ್ಮನ್ನು ನೋಡಲು ನಿಂತರು. ಪುಟ್ಟಬಸಪ್ಪನವರೊಬ್ಬರೇ ಎರಡು ಕೈಯಲ್ಲೂ ಕೋಲು ಹಿಡಿದುಕೊಂಡು ನೀರಿನ ಅಂಚನ್ನೇ ದಿಟ್ಟಿಸುತ್ತಿದ್ದರು.

ಐದು ದಾಟಿತು. ಏಳನೆಯ ಮೆಟ್ಟಿಲಿನ ಪಕ್ಕದಲ್ಲಿ ಕೆಸರಿನ ಒಂದು ಬೆನ್ನು ಎದ್ದಿತು. ಕೋಯಾ ದೋಣಿಯಿಂದ ಇಳಿದು ಮೊಣಕಾಲು ನೀರಿನಲ್ಲಿ ನಡೆದು ಬಂದು, ಹುಟ್ಟಿನ ಅಲಗಿನಿಂದ ಕೆಸರನ್ನು ಕೆರೆದು ಬಕೆಟ್ಟಿನಲ್ಲಿ ನೀರು ಎರಚಿದ. ಕೆಳಗೆ ಕಲ್ಲಿನ ಹಾಸು. ಹಾಸಿನ ಮೇಲೆ ಎರಡು ಗಾಡಿಜಾಡು. ಹೊಳೆಯ ಕಡೆಗೆ ಸಮನಾಗಿ ಇಳಿದು ನೀರಿನೊಳಗೆ ಹೋಗಿದ್ದವು. ಕಲ್ಲು ಬೆರಳುದ್ದ ಸವೆದಿತ್ತು.

ಮಲ್ಲಣ್ಣ ಪಂಚೆ ಎತ್ತಿ ಕಟ್ಟಿದರು. ಚಪ್ಪಲಿ ಬಿಟ್ಟು, ಜಾರುವ ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಕೆಸರಿನಲ್ಲಿ ಮಂಡಿಯೂರಿ ಕೂತರು. ಒಂದು ಜಾಡಿನ ನಡುವಿನಿಂದ ಇನ್ನೊಂದು ಜಾಡಿನ ನಡುವಿಗೆ ಮೊಳ ಹಾಕತೊಡಗಿದರು. ಮೊಣಕೈ ಊರಿ, ಬೆರಳು ಚಾಚಿ, ಒಂದು. ಎರಡು. ಮೂರು. ಆಮೇಲೆ ನಾಲ್ಕು ಬೆರಳು ಜೋಡಿಸಿ ಇಟ್ಟರು. ನಂಬದೆ ಇನ್ನೊಂದು ಸಲ ಆ ಕಡೆಯಿಂದ ಈ ಕಡೆಗೆ ಅಳೆದರು.

"ಮೂರು ಮೊಳ" ಎಂದರು ತಲೆ ಎತ್ತದೆ. "ಮ್ಯಾಕೆ ನಾಕ್ ಬೆಟ್ಟು."

ಗೋಡೆಯ ಮೇಲಿದ್ದ ಗಂಡಸರೆಲ್ಲ ಒಟ್ಟಿಗೆ ಹೂಂ ಎಂದರು. ಆ ಅಳತೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಡೆಯ ಬಡಗಿಗಳು ಗಾಡಿಯ ಎರಡು ಚಕ್ರದ ನಡುವೆ ಬಿಡುವ 'ಜಾಡು' ಅದೇ. ಒಂದು ಬೆಟ್ಟು ಹೆಚ್ಚುಕಡಿಮೆಯಾದರೂ ಹೊಲದ ದಾರಿಯ ಹಳೆಯ ಜಾಡಿನಲ್ಲಿ ಚಕ್ರ ಕೂರುವುದಿಲ್ಲ.

"ಗೌರವ್ವಾ, ನಮ್ ಗಾಡಿ ಕಣವ್ವ" ಎಂದರು ಮಲ್ಲಣ್ಣ. "ನಮ್ ಕಡೆ ಗಾಡಿನೇ ಕಣವ್ವ ಇದು."

ಕೋಯಾ ಹುಟ್ಟಿನ ಮೇಲೆ ಗಲ್ಲ ಊರಿ ನಿಂತಿದ್ದ. "ನಮ್ಮ ಅಜ್ಜನ ಕಾಲದಿಂದ ಇದಕ್ಕೆ ವಂಡಿಕ್ಕಲ್ಲು ಅಂತಾನೇ ಹೆಸರು. ವಂಡಿ ಅಂದ್ರೆ ಗಾಡಿ. ಇಲ್ಲಿ ಇದ್ದಿದ್ದು ಕೈಗಾಡಿ, ಇಷ್ಟು ಅಗಲ ಇಲ್ಲ. ನೀರಿನೊಳಗೆ ಗಾಡಿ ಬಿಟ್ಟ ಹುಚ್ಚ ಯಾರು ಅಂತ ನಾವು ಕೇಳ್ಕೊಳ್ತಿದ್ವಿ. ಹೇಳೋರು ಯಾರೂ ಉಳಿದಿರಲಿಲ್ಲ" ಎಂದ.

"ಆ ಹುಚ್ಚನ ಮಗ ನಾನೇ ಕಣಪ್ಪ" ಎಂದರು ಪುಟ್ಟಬಸಪ್ಪ.

ಅವರನ್ನು ನಾನೂ ಮಹದೇವನೂ ಎರಡೂ ಕಡೆ ಹಿಡಿದು ಇಳಿಸಿದೆವು. ಎರಡು ಜಾಡಿನ ನಡುವೆ ನಿಂತು, ಕೋಲನ್ನು ನನ್ನ ಕೈಗೆ ಕೊಟ್ಟರು. "ಅಪ್ಪ ಅಲ್ಲಿ ಗಾಡಿ ಮೂಕಿ ಹಿಡ್ಕಂಡು ನಿಲ್ಲೋರು. ನಾನು ಇಲ್ಲಿ. ಗಾಡಿ ಜಾರ್ದಂಗೆ ಚಕ್ರಕ್ಕೆ ಕಲ್ಲು ಕೊಡದು ನನ್ ಕ್ಯಾಮೆ" ಎಂದು, ಎಂಬತ್ತೈದರ ಬೆನ್ನನ್ನು ಬಗ್ಗಿಸಿ, ಇಲ್ಲದ ಕಲ್ಲನ್ನು ಇಲ್ಲದ ಚಕ್ರದ ಅಡಿಗೆ ಕೊಟ್ಟು ತೋರಿಸಿದರು. ಕೊಟ್ಟು, ಕೈ ಝಾಡಿಸಿಕೊಂಡು, ಬಾಯಿ ತುಂಬ ನಕ್ಕರು. ಆಮೇಲೆ ಸೊಸೆಯ ಕಡೆ ಕತ್ತೆತ್ತಿ, "ಗೌರವ್ವ, ಆ ಮುದ್ದೆ ಇಟ್ಟಿದ್ಯೇನವ್ವ? ಹಸೀತಾ ಅದೆ" ಎಂದರು.

ಕೆಸರಿನ ಕಾಲಿನಲ್ಲೇ ಮೆಟ್ಟಿಲ ಮೇಲೆ ಕೂತು ಆರಿದ ಮುದ್ದೆ ಉಂಡರು. ಕಡಲಿಗೆ ಹೊತ್ತು ಇಳಿಯುತ್ತಿತ್ತು. ಮಂಡಿಯ ಮಾಡಿನ ಮೇಲೆ ಹುಣ್ಣಿಮೆ ಏಳುತ್ತಿತ್ತು. ಕೋಯಾನ ಊರಿನವರು ನಮ್ಮವರಿಗೆ ಬಾಳೆಹಣ್ಣಿನ ಗೊನೆಯನ್ನೇ ತಂದು ಕೊಟ್ಟರು.

ಆ ರಾತ್ರಿ ಬತ್ತೇರಿಯ ಛತ್ರದಲ್ಲಿ ಮಲಗಿ, ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಮೊದಲ ಬಸ್ಸಾಗಿ ನಿಂತು, ಎಂಟರೊಳಗೆ ಗುಂಡ್ಲುಪೇಟೆ ಸೇರಿದೆವು. ದಿಬ್ಬಣ ತಪ್ಪಲಿಲ್ಲ. ಗುರುಸಿದ್ದಪ್ಪನವರು ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದರು, ಬೈಯುವುದಕ್ಕೆ. ಸೀಟಿನ ಕೆಳಗಿನ ಕೆಸರು ನೋಡಿ ಬೈದರು. ಮಹದೇವನ ಬಾಯಿಂದ ಕಥೆ ಕೇಳಿದ ಮೇಲೆ ಸುಮ್ಮನಾದರು. "ಮೂರು ಮೊಳ ನಾಕ್ ಬೆಟ್ಟು ಸರಿಯಾಗಿತ್ತಾ?" ಎಂದು ನನ್ನನ್ನು ಎರಡು ಸಲ ಕೇಳಿದರು. ಮುಂದಿನ ಹುಣ್ಣಿಮೆಯಿಂದ ಕಲ್ಲಳಿಯ ಪ್ರವಾಸ ಎರಡು ದಿನದ್ದಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಗಂಟೆಯ ಪಕ್ಕ ತಿಥಿಯೂ ಸೇರಿತು. ಅದಕ್ಕಿಂತ ಮುಖ್ಯವಾಗಿ, ಊರು ಮುಟ್ಟಿದ ಕೂಡಲೇ ಬಸ್ಸಿನಲ್ಲಿರುವ ಹಿರಿಯರನ್ನು ಒಂದು ಮಾತು, ಆ ಊರಿನ ಹಿರಿಯರನ್ನು ಒಂದು ಮಾತು ಕೇಳದೆ ನಾನು ಮೈಕು ಹಿಡಿಯುವುದನ್ನು ಬಿಟ್ಟೆ. ಕಲ್ಲಳಿಯವರಿಗೆ ಕಲ್ಲು ಗೊತ್ತಿತ್ತು, ಗಾಡಿ ಗೊತ್ತಿರಲಿಲ್ಲ. ಚಂದಕವಾಡಿಯವರಿಗೆ ಗಾಡಿ ಗೊತ್ತಿತ್ತು, ಕಲ್ಲು ಗೊತ್ತಿರಲಿಲ್ಲ. ನಡುವೆ ಓಡಾಡುತ್ತಿದ್ದ ನನಗೆ ಎರಡೂ ಗೊತ್ತಿರಲಿಲ್ಲ. ಈಗ ನಿಮ್ಮ ಕೈಯಲ್ಲಿ ಫೋನಿದೆ, ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅದೇ ತೋರಿಸುತ್ತದೆ. ಒಳ್ಳೆಯದೇ. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂದು ಅದು ತೋರಿಸುವುದಿಲ್ಲ, ನೀವೇ ಎದ್ದು ಹೋಗಿ ನೋಡಬೇಕು.

ಒಂದು ತಿಂಗಳಾದ ಮೇಲೆ ಮುಂದಿನ ಪ್ರವಾಸಕ್ಕೆ ಹೆಸರು ಬರೆದುಕೊಳ್ಳಲು ಚಂದಕವಾಡಿಗೆ ಹೋಗಿದ್ದೆ. ಪುಟ್ಟಬಸಪ್ಪನವರ ಜಗುಲಿಯ ಮೇಲೆ ಹತ್ತು ಹದಿನೈದು ಜನ ಸೇರಿದ್ದರು. ಕಥೆ ನಡೆಯುತ್ತಿತ್ತು. ಹೇಳುತ್ತಿದ್ದವರು ಮಲ್ಲಣ್ಣ. ಪುಟ್ಟಬಸಪ್ಪನವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ನಾನು ಮಂಡಿ ಊರಿ ಮೊಳ ಹಾಕ್ತಾ ಇವ್ನಿ ಕಣ್ರಲಾ, ಆವಾಗ ನೀರೊಳಗಿಂದ ಒಂದು ಮೀನು ಎದ್ದು ಬಂದು ನನ್ ಮುಖಾನೇ ನೋಡ್ತು. ಹೋರಿಗರ ಗಾತ್ರ ಇತ್ತು."

"ಬುಡು ಮಲ್ಲಣ್ಣೋ, ಹೋರಿಗರದ ಗಾತ್ರ ಮೀನಾ?" ಎಂದು ಯಾರೋ ನಕ್ಕರು. ಉಳಿದವರೂ ನಕ್ಕು, "ಏನಜ್ಜ, ಮೀನಿತ್ತಾ?" ಎಂದು ಪುಟ್ಟಬಸಪ್ಪನವರ ಕಡೆ ತಿರುಗಿದರು.

ಮಲ್ಲಣ್ಣ ಮಾತು ನಿಲ್ಲಿಸಿ ಬೀಗರ ಮುಖವನ್ನೇ ನೋಡಿದರು.

ಪುಟ್ಟಬಸಪ್ಪನವರು ಒಂದು ಕಣ್ಣು ಮಾತ್ರ ತೆರೆದರು. ಮೊದಲು ಬೀಗರನ್ನು ನೋಡಿದರು, ಆಮೇಲೆ ನಗುತ್ತಿದ್ದವರನ್ನು ನೋಡಿದರು.

"ಇತ್ತು ಕಣ್ರಲಾ" ಎಂದರು. "ನಾನೂ ನೋಡ್ದೆ."